ಬೆಳ್ಯಪ್ಪ ಗೌಡರ ಟ್ಯೂಬ್ ಲೈಟು

ಕಾರಣವಿಲ್ಲದೆ ಈ ಜಗತ್ತಿನಲ್ಲಿ ಯಾವ ಕಾರ್ಯವೂ ನಡೆಯುವುದಿಲ್ಲ. ಇದು ಗಂಭೀರವಾದ ಸತ್ಯ. ಈ ಸತ್ಯವನ್ನು ಶಾಲೆಯ ಕಪ್ಪು ಹಲಗೆಯ ಮೇಲೆ ವರ್ಷ ವರ್ಷವೂ ಬರೆದು, ವರ್ಷ ವರ್ಷವೂ ಅಳಿಸಿದವನು ನಾನು. ಬರೆದದ್ದಕ್ಕೂ ಅಳಿಸಿದ್ದಕ್ಕೂ ಒಂದೇ ಸಂಬಳ. ಭೂತ, ಪ್ರೇತ, ಮಾಟ, ದೃಷ್ಟಿ ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಅಂಥ ಕತೆ ಹೇಳಲು ಬಂದವರಿಗೆ ‘ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು?’ ಎಂದು ಕೇಳಿ ಅವರ ಉತ್ಸಾಹ ಕೆಡಿಸುತ್ತಿದ್ದೆ. ಈಗ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಒಂದು ಸಂಜೆ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಗಾಳಿ ಬೀಸುತ್ತಿರಲಿಲ್ಲ.

ಅರುವತ್ತರ ದಶಕದ ಆರಂಭ. ನಾನು ಸುಳ್ಯದ ಕಡೆ ವಿಜ್ಞಾನದ ಮೇಷ್ಟ್ರಾಗಿದ್ದೆ. ವಾಸ ಗುತ್ತಿಗಾರಿನ ಬೆಳ್ಯಪ್ಪ ಗೌಡರ ಮನೆಗೆ ತಾಗಿದ ಒಂದು ಬಾಡಿಗೆ ಕೋಣೆಯಲ್ಲಿ. ಆಗ ಪುತ್ತೂರಿಗೆ ಕರೆಂಟು ಬಂದಿತ್ತು. ನಮ್ಮಲ್ಲಿಗೆ ಬರುತ್ತದೆ ಎಂಬ ಸುದ್ದಿ ಮಾತ್ರ ಬಂದಿತ್ತು. ಗೌಡರಿಗೆ ಸುದ್ದಿಯೇ ಸಾಕಾಯಿತು. ಪುತ್ತೂರಿನಿಂದ ವಯರಿಂಗಿನವನನ್ನು ಕರೆಸಿ, ಗೋಡೆಗೆ ಮರದ ಪಟ್ಟಿ ಹೊಡೆಸಿ, ಚಾವಡಿಯಲ್ಲಿ ಒಂದು ಕರಿ ಸ್ವಿಚ್ಚು ಕೂರಿಸಿ, ಹಲಗೆಯ ಮುಚ್ಚಿಗೆಗೆ ಉದ್ದದ ಟ್ಯೂಬ್ ಲೈಟು ತೂಗಿಸಿದರು. ವಯರು ಜಗಲಿಯ ಮೂಲೆಯವರೆಗೆ ಬಂದು, ಅಲ್ಲಿ ಸುರುಳಿ ಸುತ್ತಿಕೊಂಡು, ಕಂಬದ ದಾರಿ ಕಾಯುತ್ತ ನೇತಾಡುತ್ತಿತ್ತು. ಗೌಡರು ವಾರಕ್ಕೊಮ್ಮೆ ಹೆಗಲ ಮೇಲಿನ ಬೈರಾಸಿನಿಂದ ಟ್ಯೂಬನ್ನು ಒರೆಸುತ್ತಿದ್ದರು. ಉರಿಯದ ದೀಪ ಅಷ್ಟು ಸ್ವಚ್ಛವಾಗಿ ಇನ್ನೆಲ್ಲೂ ಇದ್ದಿರಲಾರದು.

ನನ್ನ ಚಟ ಬೇರೆ. ಮನೆಯಲ್ಲೇ ಕೂತು ಅಧಿಕ ವೋಲ್ಟೇಜಿನ, ಅಧಿಕ ಆವರ್ತನದ ವಿದ್ಯುತ್ತನ್ನು ಉತ್ಪಾದಿಸಬೇಕೆಂದು ನನಗೆ ಹಠ ಹತ್ತಿತ್ತು. ಇದರಿಂದ ದೇಶಕ್ಕೆ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಏನೂ ಇರಲಿಲ್ಲ. ಸಾಮಾನಿಗೆ ಪುತ್ತೂರಿನಲ್ಲಿ ಗುಜರಿ ಅಂಗಡಿಯ ಹಸನಬ್ಬನವರ ಹತ್ತಿರ ಹೋದೆ. ಹಳೆಯ ಲಾರಿಯ ಇಗ್ನಿಷನ್ ಕಾಯಿಲು ಬೇಕೆಂದಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಲಾರಿ ಎಲ್ಲುಂಟು ಮಾಷ್ಟ್ರೇ?”

“ಲಾರಿ ಇಲ್ಲ.”

“ಲಾರಿ ಇಲ್ಲದವರಿಗೆ ಕಾಯಿಲು ಎಂತಕ್ಕೆ ಮಾರಾಯ್ರೆ? ಕುದುರೆ ಇಲ್ಲದೆ ಲಾಳ ಯಾರ ಕಾಲಿಗೆ ಹೊಡಿಯುದು?”

ಯಂತ್ರದ ತತ್ವ ಸರಳ. ಒಂದು ಆರು ವೋಲ್ಟಿನ ಬ್ಯಾಟರಿ. ಅದರ ಪ್ರವಾಹವನ್ನು ಕಡಿದು ಕಡಿದು ಬಿಡಲು ವಿದ್ಯುತ್ ಗಂಟೆಯ ನಡುಗುವ ನಾಲಗೆ. ಅದನ್ನು ಸಾವಿರಾರು ವೋಲ್ಟಿಗೆ ಏರಿಸಲು ಲಾರಿಯ ಕಾಯಿಲು. ಹಾಗೆ ಏರಿಸಿದ್ದನ್ನು ಚಹಾ ಪೆಟ್ಟಿಗೆಯ ತಗಡಿನ ಹಾಳೆ ಅಂಟಿಸಿದ ಸೀಸೆಗಳಲ್ಲಿ ತುಂಬಿಸಿ, ಕಿಡಿಯಾಗಿ ಹಾರಿಸಿ, ದಪ್ಪ ತಾಮ್ರದ ತಂತಿಯ ಕೆಲವು ಸುತ್ತುಗಳಲ್ಲಿ ಹರಿಸಬೇಕು. ಆಗ ಅದರ ನಡುವೆ ನಿಲ್ಲಿಸಿದ ಇನ್ನೊಂದು ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಅತ್ತಿತ್ತ ತೂಗುವ ವಿದ್ಯುತ್ತು ಹುಟ್ಟುತ್ತದೆ. ಈ ಎರಡನೆಯ ಸುರುಳಿಯನ್ನು ನಾನು ಮೇಣ ಹಚ್ಚಿದ ಬಿದಿರಿನ ಓಟೆಯ ಮೇಲೆ ಸಪೂರ ತಂತಿಯಿಂದ ಸುತ್ತಿದೆ. ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು. ಮೊದಲು ಚಾಲೂ ಮಾಡಿದ ದಿನ ಕಾಯಿಲು ನನ್ನನ್ನು ಮಂಚದ ಮೇಲಕ್ಕೆ ಎಸೆಯಿತು. ಯಂತ್ರ ಸರಿಯಾಗಿದೆ ಎಂದು ಖಾತ್ರಿಯಾಯಿತು.

ಅದರ ಹತ್ತಿರ ಹಿಡಿದರೆ, ಗುಜರಿಯಿಂದಲೇ ತಂದ ಒಂದು ಹಳೆಯ ಟ್ಯೂಬ್ ಲೈಟು ವಯರಿಲ್ಲದೆ ಉರಿಯುತ್ತಿತ್ತು. ಇದರಲ್ಲಿ ವಿಚಿತ್ರ ಏನೂ ಇಲ್ಲ. ಭೌತಶಾಸ್ತ್ರ ಹಾಗೆಂದೇ ಹೇಳುತ್ತದೆ. ಆದರೆ ಗೌಡರು ಭೌತಶಾಸ್ತ್ರ ಓದಿದವರಲ್ಲ. ನನ್ನ ಕೈಯಲ್ಲಿ ಉರಿಯುವ ಟ್ಯೂಬನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಮರುದಿನ ಬಂದು ಸ್ವರ ತಗ್ಗಿಸಿ ಕೇಳಿದರು, “ಮಾಷ್ಟ್ರೇ, ಇದನ್ನು ನಮ್ಮ ಚಾವಡಿಗೆ ತರ್ಲಿಕ್ಕೆ ಆಗ್ತದಾ?”

ವಿಷಯ ಮಗಳು ಜಾನಕಿಯದು. ಹಿಂದೆ ಒಂದು ಗಂಡಿನ ಕಡೆಯವರು ಬಂದು, ಕಾಫಿ ಕುಡಿದು, ಚಿಮಿಣಿ ದೀಪದಲ್ಲಿ ಹುಡುಗಿಯ ಮುಖ ಸರಿಯಾಗಿ ಕಾಣಲಿಲ್ಲ ಎಂದು ಹೇಳಿ ಕಳಿಸಿದ್ದರು. ಈಗ ಪುತ್ತೂರಿನ ಸಂಬಂಧ ಬಂದಿತ್ತು. ಹುಡುಗನನ್ನು ಜಾನಕಿ ಯಾರದೋ ಮದುವೆಯಲ್ಲಿ ನೋಡಿದ್ದಳು, ಬೇಡ ಎಂದಿರಲಿಲ್ಲ. ಆದರೆ ಆ ಮನೆಯಲ್ಲಿ ನಡೆಯುವುದು ಹುಡುಗನ ದೊಡ್ಡಪ್ಪನ ಮಾತು. ದೀಪ ಸರಿ ಇಲ್ಲದ ಮನೆಯಿಂದ ಹೆಣ್ಣು ತರುವುದಿಲ್ಲವೆಂದು ಕಡಬದ ಕಡೆಯ ಒಂದು ಸಂಬಂಧವನ್ನು ಅವರು ಆಗಲೇ ಬಿಟ್ಟಿದ್ದರು. ಇದು ಕಿವಿಗೆ ಬಿದ್ದು ಗೌಡರು ‘ನಮ್ಮಲ್ಲಿ ಟ್ಯೂಬ್ ಲೈಟ್ ಉಂಟು’ ಎಂದು ಹೇಳಿ ಕಳಿಸಿದ್ದರು. ಅದು ಸುಳ್ಳಲ್ಲ. ಇತ್ತು.

“ಗ್ಯಾಸ್‌ಲೈಟು ತರಿಸಿ ಗೌಡ್ರೇ,” ಎಂದೆ.

“ಗ್ಯಾಸ್‌ಲೈಟು ಹೆಣ ಕಾಯ್ಲಿಕ್ಕೂ ತರ್ತಾರೆ. ಟ್ಯೂಬ್ ಲೈಟು ಅಂತ ಮಾತು ಹೋಗಿ ಆಗಿದೆ. ಇದೂ ತಪ್ಪಿದ್ರೆ ಅವಳಿಗೆ ಇನ್ನು ಯಾರು ಬರ್ತಾರೆ ಮಾಷ್ಟ್ರೇ?” ಅವರ ಕಣ್ಣು ತುಂಬಿತ್ತು.

ಒಳಗಿನಿಂದ ಜಾನಕಿ ಹೇಳಿದಳು, “ಅಷ್ಟು ಬೇಕಾದ್ರೆ ಆ ಟ್ಯೂಬ್ ಲೈಟಿಗೇ ತಾಳಿ ಕಟ್ಟಿ ಕರ್ಕೊಂಡು ಹೋಗ್ಲಿ ಅಪ್ಪಾ. ಅದು ಎದುರುತ್ತರವೂ ಕೊಡುದಿಲ್ಲ.”

ರಾಹುಕಾಲ ಕಳೆಯಲೆಂದು ಗಂಡಿನ ಕಡೆಯವರು ಬಂದದ್ದು ಮುಸ್ಸಂಜೆಗೆ, ಬಾಡಿಗೆ ಕಾರಿನಲ್ಲಿ. ಆ ಹೊತ್ತಿಗೆ ನಾನು ಯಂತ್ರ ಸಮೇತ ಚಾವಡಿಯ ಅಟ್ಟದ ಮೇಲೆ ಮಕಾಡೆ ಮಲಗಿದ್ದೆ. ಟ್ಯೂಬು ನೇರ ನನ್ನ ಕೆಳಗೆ. ಗೋಡೆಗೆ ಶಾಕ್ ಹರಿಯಬಾರದೆಂದು ವಯರಿಂಗಿನ ತಂತಿಗಳನ್ನು ಬೆಳಿಗ್ಗೆಯೇ ಟ್ಯೂಬಿನಿಂದ ಬಿಚ್ಚಿ ತೆಗೆದಿದ್ದೆ. ಹಾಗಾಗಿ ಸ್ವಿಚ್ಚಿಗೂ ಟ್ಯೂಬಿಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ನನ್ನ ಸುರುಳಿಯ ತುದಿಯಿಂದ ಒಂದೇ ಒಂದು ತಂತಿ ಹಲಗೆಯ ಸಂದಿನಲ್ಲಿ ಇಳಿದು ಟ್ಯೂಬಿನ ತಲೆಗೆ ತಾಗಿತ್ತು. ಕೆಳಗೆ ಕಾಣಲು ಇನ್ನೊಂದು ಸಂದು ಇತ್ತು.

ಯಂತ್ರ ಚಾಲೂ ಮಾಡಿದೆ. ಟ್ಯೂಬು ನೇರಳೆ ಬಣ್ಣಕ್ಕೆ ತಿರುಗಿದ ಮಂಕು ಬೆಳಕಿನಲ್ಲಿ ನಡುಗುತ್ತ ಉರಿಯಿತು.

“ಅದು ಮೇಲೆ ಎಂತ ಕರಕರ?” ದೊಡ್ಡಪ್ಪನವರು ಕೇಳಿದರು.

“ಬ್ಯಾಟರಿಯಲ್ಲಿ ಉರಿಯುದು. ನಮ್ಮ ಮಾಷ್ಟ್ರು ಮಾಡಿದ್ದು.”

“ಮಾಷ್ಟ್ರು ಎಲ್ಲಿದ್ದಾರೆ?”

“ಮೇಲೆ,” ಎಂದರು ಗೌಡರು, ತೀರಿಹೋದವರ ಬಗ್ಗೆ ಹೇಳುವ ಸ್ವರದಲ್ಲಿ.

ದೊಡ್ಡಪ್ಪ ಟ್ಯೂಬನ್ನು ನೋಡಿ, “ಇದಕ್ಕಿಂತ ಚಿಮಿಣಿ ಅಡ್ಡಿಲ್ಲ,” ಎಂದರು. ಜಾನಕಿ ಕಾಫಿಯ ತಟ್ಟೆ ಹಿಡಿದು ಹೊಸಿಲು ದಾಟಿದಳು. ಅದೇ ಗಳಿಗೆಗೆ ಲಾರಿಯ ಕಾಯಿಲು ಟಪ್ಪೆಂದು ಒಡೆಯಿತು. ಅದರೊಳಗೆ ತುಂಬಿದ್ದ ಡಾಂಬರಿನ ವಾಸನೆ ಬಂತು. ಗಂಟೆಯ ನಾಲಗೆ ನಿಂತಿತು, ಕಿಡಿ ನಿಂತಿತು. ಎಲ್ಲ ಮುಗಿಯಿತು ಎಂದುಕೊಂಡು ಸಂದಿಗೆ ಕಣ್ಣಿಟ್ಟೆ.

ಟ್ಯೂಬು ಉರಿಯುತ್ತಿತ್ತು.

ಮೊದಲಿನ ಹಾಗಲ್ಲ. ನಡುಕವಿಲ್ಲದೆ, ಪುತ್ತೂರಿನ ಬಟ್ಟೆ ಅಂಗಡಿಯಲ್ಲಿ ಉರಿಯುವ ಹಾಗೆ, ಬೆಳ್ಳಗೆ. ಜಾನಕಿಯ ಸೀರೆಯ ಹಸಿರು ಅಂಚು ಅಟ್ಟಕ್ಕೆ ಕಾಣುತ್ತಿತ್ತು. ನಾನು ಬ್ಯಾಟರಿಯ ಕ್ಲಿಪ್ಪು ತೆಗೆದೆ. ಉರಿಯಿತು. ಟ್ಯೂಬಿಗೆ ಇಳಿದ ತಂತಿಯನ್ನು ಮೆಲ್ಲನೆ ಮೇಲಕ್ಕೆ ಎಳೆದುಕೊಂಡೆ. ಉರಿಯಿತು. ಆಮೇಲೆ ತೆಗೆಯಲು ನನ್ನ ಹತ್ತಿರ ಏನೂ ಉಳಿಯಲಿಲ್ಲ. ತಂತಿ ಕೈಯಲ್ಲಿ ಹಿಡಿದುಕೊಂಡೇ ಮಲಗಿದ್ದೆ. ಕೆಳಗೆ ಅವರು ಕಾಫಿ ಕುಡಿದರು, ಜಾತಕದ ಮಾತಾಡಿದರು. ದೊಡ್ಡಪ್ಪ ಜಾನಕಿಯನ್ನು ಎಷ್ಟು ಓದಿದ್ದೀ ಎಂದು ಕೇಳಿದರು. ಅವಳು ಹೇಳಿದಳು. “ನಮಗೆ ಒಪ್ಪಿಗೆ ಉಂಟು,” ಎಂದು ಅವರು ಎದ್ದರು. ಕರೆಂಟಿನ ಬಿಲ್ಲು ಕಟ್ಟಿ ಅಭ್ಯಾಸವಾದ ಮನುಷ್ಯ, ಹೊರಡುವಾಗ, “ಯಾರೂ ಇಲ್ಲದಲ್ಲಿ ಸುಮ್ಮನೆ ಉರಿಸುದು ಎಂತಕ್ಕೆ?” ಎನ್ನುತ್ತ ಗೋಡೆಯ ಸ್ವಿಚ್ಚನ್ನು ಒತ್ತಿದರು.

ದೀಪ ಆರಿತು.

ಅವರು ಹೋದ ಮೇಲೆ ಕೆಳಗಿಳಿದು ಆ ಸ್ವಿಚ್ಚನ್ನು ಹಲವು ಸಲ ಒತ್ತಿದೆ. ಏನೂ ಆಗಲಿಲ್ಲ, ಆಗಬೇಕಾದದ್ದೂ ಇಲ್ಲ. ಮರುದಿನ ಕಾಯಿಲನ್ನು ಬಿಚ್ಚಿ ನೋಡಿದೆ, ಒಳಗಿನ ತಂತಿ ಸುಟ್ಟು ತುಂಡಾಗಿತ್ತು. ಆರಿದ ಮೇಲೂ ಟ್ಯೂಬು ತುಸು ಮಿನುಗುವುದುಂಟು, ಆದರೆ ಕ್ಷಣಕಾಲ, ಕಾಫಿ ಮತ್ತು ಜಾತಕ ಮುಗಿಯುವವರೆಗೆ ಅಲ್ಲ. ಮೋಡವಿರಲಿಲ್ಲ, ಸಿಡಿಲಿರಲಿಲ್ಲ. ನನ್ನ ಕಣ್ಣಿನ ಭ್ರಮೆ ಎನ್ನೋಣವೆಂದರೆ, ಹುಡುಗನ ಕಡೆಯವರು ಆ ಬೆಳಕಿನಲ್ಲೇ ಹುಡುಗಿಯನ್ನು ಒಪ್ಪಿ ಹೋಗಿದ್ದರು. ಗೌಡರಿಗೆ ಸಂಶಯವೇ ಬರಲಿಲ್ಲ. ಯಂತ್ರ ಮೊದಲು ಸ್ವಲ್ಪ ಸತಾಯಿಸಿ ಆಮೇಲೆ ಸರಿಯಾಯಿತು ಎಂದೇ ಅವರ ತಿಳುವಳಿಕೆ. ನನಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಜಾನಕಿ ಮಾತ್ರ ಬಾವಿಕಟ್ಟೆಯ ಹತ್ತಿರ ಸಿಕ್ಕಾಗ ಕೇಳಿದಳು, “ಮಾಷ್ಟ್ರೇ, ನಾನು ಬರುವಾಗ ನಿಮ್ಮ ಕರಕರ ನಿಂತಿತ್ತಲ್ಲ? ಮತ್ತೆ ದೀಪ ಹೇಗೆ ಉರಿದದ್ದು?”

“ಅದು ವಿಜ್ಞಾನ,” ಎಂದೆ.

“ಹಾಗಾದ್ರೆ ನಿಮಗೂ ಗೊತ್ತಿಲ್ಲ,” ಎಂದು ಅವಳು ಕೊಡ ಎತ್ತಿಕೊಂಡು ಹೋದಳು.

ಈಗಲೂ ಗೊತ್ತಿಲ್ಲ. ಬಲ್ಲವರನ್ನು ಕೇಳಿದೆ. ಅವರು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂಬ ರೀತಿಯ ಪ್ರಶ್ನೆಗಳನ್ನೇ ಕೇಳಿದರು. ಬೇರೆ ಕಾಯಿಲು ತಂದು ಯಂತ್ರವನ್ನು ಪುನಃ ಕಟ್ಟಿದೆ. ಅದನ್ನು ನಿಲ್ಲಿಸಿದಾಗ ಟ್ಯೂಬೂ ಆರುತ್ತಿತ್ತು, ಪ್ರತಿಸಲವೂ.

ಜಾನಕಿಯ ಮದುವೆ ಮುಂದಿನ ವೈಶಾಖದಲ್ಲಿ ಆಯಿತು. ಗೌಡರ ಮನೆಗೆ ಕರೆಂಟು ಬಂದದ್ದು ಅವಳು ಎರಡನೆಯ ಬಾಣಂತನಕ್ಕೆ ತವರಿಗೆ ಬಂದ ವರ್ಷ.