ಕಲ್ಲಿಗೆ ಬಡಿದ ಬಿಸಿನೀರು

ಅವಳ ಬಲ ಅಂಗೈಯಲ್ಲಿ ಗೆರೆಗಳೇ ಇರಲಿಲ್ಲ. ಕುದಿಯುವ ಹಂಡೆಯೊಳಗೆ ನಲವತ್ತು ವರ್ಷ ಕೈ ಅದ್ದಿ ಅದ್ದಿ ಹದ ನೋಡಿದ್ದಕ್ಕೆ ಚರ್ಮ ಬೆಂದು, ಸುಲಿದು, ಮತ್ತೆ ಬೆಳೆದು ನುಣ್ಣಗೆ ಕೆಂಪಗಾಗಿಬಿಟ್ಟಿತ್ತು. ಆ ಕೈ ಮೈಮೇಲೆ ಬಿದ್ದರೆ ಎಂಥ ಗಟ್ಟಿ ಹೆಂಗಸೂ ಒಮ್ಮೆ "ಅವ್ವಾ" ಎನ್ನಲೇಬೇಕು.

ಕೊತ್ತತ್ತಿಯ ಪಕ್ಕ ನಾನು ಸೊಸೆಯಾಗಿ ಬಂದ ಊರಿನಲ್ಲಿ ಬಾಣಂತಿಯರಿಗೆ ನೀರು ಹುಯ್ಯುವವಳು ಅವಳೊಬ್ಬಳೇ. ಊರೆಲ್ಲ ನೀರಜ್ಜಿ ಎನ್ನುತ್ತಿತ್ತು. ನಮ್ಮ ಕಡೆ ಬಾಣಂತಿ ಸ್ನಾನವೆಂದರೆ ನೀರು ಸುರಿಯುವುದಲ್ಲ, ಬಡಿಯುವುದು. ಹರಳೆಣ್ಣೆ ತಿಕ್ಕಿ, ಬಚ್ಚಲಲ್ಲಿ ಕೂರಿಸಿ, ಚೊಂಬು ಬೀಸಿ ಬೆನ್ನಿಗೂ ಸೊಂಟಕ್ಕೂ ಸುಡುನೀರು ಹೊಡೆಯಬೇಕು. ಸದ್ದು ಹೊರಗೆ ಕೇಳಬೇಕು, ಒಳಗಿದ್ದವಳು ಕೂಗಬೇಕು. ಕೂಗು ಕೇಳದಿದ್ದರೆ ಹಜಾರದಲ್ಲಿ ಕೂತ ಅತ್ತೆಯರಿಗೆ ಸಮಾಧಾನವಿಲ್ಲ. "ನೀರು ಮೂಳೆಗೆ ತಾಗ್ಬೇಕು ಕಣವ್ವ, ಮೈ ಸವರ್ಕೊಂಡು ಓಯ್ತದಲ್ಲ, ಅದು ನೀರಲ್ಲ" ಎಂದು ಅಜ್ಜಿಯೇ ಹೇಳಿಕೊಂಡು ತಿರುಗುತ್ತಿದ್ದಳು. ಅವಳ ಕೈಗೆ ಸಿಕ್ಕು ಅಳದ ಬಾಣಂತಿ ಆ ಊರಲ್ಲಿ ಇರಲಿಲ್ಲ.

ನನಗೆ ನೋವು ಶುರುವಾಗಿದ್ದು ಮೊದಲ ಹೆರಿಗೆ ಮುಗಿಸಿಕೊಂಡು ಮಳವಳ್ಳಿಯ ತವರಿನಿಂದ ವಾಪಸು ಬಂದ ಮೇಲೆ. ಇಂಥ ಜಾಗ ಎಂದು ತೋರಿಸುವಂತಿರಲಿಲ್ಲ. ಇವತ್ತು ಕತ್ತು, ನಾಳೆ ಮಂಡಿ, ಒಂದೊಂದು ದಿನ ಮೈಗೆ ಮೈಯೇ. ರಾತ್ರಿಯೆಲ್ಲ ಮಲಗಿದ್ದರೂ ಬೆಳಿಗ್ಗೆ ಯಾರೋ ದೊಣ್ಣೆಯಲ್ಲಿ ಚಚ್ಚಿ ಹೋದ ಹಾಗಿರುತ್ತಿತ್ತು. ಮಗು ಎದೆಗೆ ಒರಗಿದರೂ ನೋವು. ಮಂಡ್ಯಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರು, ಎಕ್ಸ್‌ರೇ ತೆಗೆಸಿದರು. ಎಲ್ಲ ಸರಿಯಾಗಿತ್ತು. ಸರಿಯಾಗಿದ್ದದ್ದೇ ನನಗೆ ಕೇಡಾಯಿತು. ನನ್ನ ಗಂಡ ಆ ರಿಪೋರ್ಟುಗಳನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ. ನಾನು "ಅಮ್ಮಾ" ಎಂದಾಗಲೆಲ್ಲ ಅದರ ಕಡೆ ಬೆರಳು ತೋರಿಸಿ, "ಬಿ.ಎ. ಓದಿದೋಳಲ್ವಾ, ಓದ್ಕಳಮ್ಮ, ಏನ್ ಬರ್ದವ್ರೆ ನೋಡು" ಎನ್ನುತ್ತಿದ್ದ. ಗಂಡನನ್ನು ಅವನು ಇವನು ಎಂದು ಬರೆಯುತ್ತಿದ್ದೇನೆ. ಬೈದುಕೊಳ್ಳುವವರು ಬೈದುಕೊಳ್ಳಲಿ, ನನಗೇನೂ ಬೇಜಾರಿಲ್ಲ.

ಎರಡನೆಯ ಹೆರಿಗೆಯ ಹೊತ್ತಿಗೆ ನನ್ನ ತಾಯಿ ತೀರಿಹೋಗಿದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಮೊದಲ ದಿನ ನೀರು ಹುಯ್ಯಲು ಅಜ್ಜಿ ಬಂದಾಗ ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು: "ಇವ್ಳು ಮೈಗಳ್ಳಿ ಕಣಜ್ಜಿ. ನಾಟ್ಕ ಆಡ್ತಾಳೆ. ಸರ್ಯಾಗ್ ಬಡಿ."

ಬಡಿದಳು ಪುಣ್ಯಾತ್ಗಿತ್ತಿ! ಮೊದಲ ಚೊಂಬಿಗೆ ಉಸಿರು ನಿಂತಿತು. ಎರಡನೆಯದಕ್ಕೆ ತುಟಿ ಕಚ್ಚಿ ರಕ್ತ ಬಂತು. ಮೂರನೆಯದಕ್ಕೆ ನಾನು ಮುಂದಕ್ಕೆ ಮುಗ್ಗರಿಸಿ ಗೋಡೆಗೆ ಹಣೆ ಗುದ್ದಿಕೊಂಡೆ. ಅಜ್ಜಿ ಚೊಂಬು ಕೆಳಗಿಟ್ಟಳು. ಹೆಬ್ಬೆರಳಿನಿಂದ ನನ್ನ ಕತ್ತಿನ ಬುಡ ಒತ್ತಿದಳು, ಚೀರಿದೆ. ಹೆಗಲು ಒತ್ತಿದಳು, ಮೊಣಕೈ ಒತ್ತಿದಳು, ಮಂಡಿಯ ಒಳಗಡೆ ಒತ್ತಿದಳು. ಒಂದೊಂದಕ್ಕೂ ಚೀರಿದೆ. ಅವಳ ಮುಖ ಕಪ್ಪಿಟ್ಟುಹೋಯಿತು. ಎದ್ದು ಬಚ್ಚಲ ಬಾಗಿಲಿನ ಅಗುಳಿ ಹಾಕಿ ಬಂದಳು.

ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ. ಚೊಂಬು ತುಂಬಿ, ಸೊಂಟ ತಿರುಗಿಸಿ, ಶಕ್ತಿಯೆಲ್ಲ ಬಿಟ್ಟು ನೀರನ್ನು ಪಕ್ಕದಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಳು. ಛಟೀರ್ ಎಂದಿತು. ನನ್ನ ಕಿವಿಯ ಹತ್ತಿರ ಬಂದು, "ಕೂಗು" ಎಂದಳು. ನನಗೆ ಅರ್ಥವಾಗಲಿಲ್ಲ. "ಕೂಗಮ್ಮಿ! ನಿಮ್ಮತ್ತೆ ಕೇಳುಸ್ಕಬೇಕು, ಕೂಗು!" ನಾನು ಕೂಗಿದೆ. ಹಾಗೆ ಹತ್ತು ಚೊಂಬು ಕಲ್ಲಿಗೆ. ಉಳಿದ ನೀರಿಗೆ ತಣ್ಣೀರು ಬೆರೆಸಿ ಹದ ಮಾಡಿ, ಹೆಗಲ ಮೇಲೆ ಬಟ್ಟೆ ಹೊದಿಸಿ, ಅದರ ಮೇಲೆ ನಿಧಾನಕ್ಕೆ ಬಿಟ್ಟಳು. ಎಷ್ಟೋ ತಿಂಗಳ ಮೇಲೆ ನನ್ನ ಹೆಗಲು ಕೆಳಗಿಳಿಯಿತು. ನಾನು ನಿಜವಾಗಿ ಅತ್ತಿದ್ದು ಆಗ. ಹೊರಗೆ ಅತ್ತೆ, "ಹಂಗ್ ಹಾಕಜ್ಜಿ" ಎನ್ನುತ್ತಿದ್ದರು.

ಮೂರು ತಿಂಗಳು ಈ ಆಟ ನಡೆಯಿತು. ಅಷ್ಟರಲ್ಲಿ ಅವಳು ನನಗೆ ಬದುಕುವುದನ್ನು ಕಲಿಸಿದಳು. ಎದ್ದ ತಕ್ಷಣ ಹಾಸಿಗೆಯಿಂದ ಜಿಗಿಯಬೇಡ, ಮಲಗಿದ್ದಲ್ಲೇ ಕೈ ಬೆರಳು, ಕಾಲ್ಬೆರಳು ಆಡಿಸು. ಕಲ್ಲುಪ್ಪು ಹುರಿದು ಗಂಟು ಕಟ್ಟಿ ಕತ್ತಿಗೆ ಶಾಖ ಕೊಟ್ಟುಕೊ. ಬಟ್ಟೆ ಹಿಂಡಬೇಡ, ನೀರು ಸೋರುವ ಹಾಗೇ ತಂತಿಗೆ ಹಾಕು, ಬಿಸಿಲು ಹಿಂಡುತ್ತದೆ. ಸಂಜೆ ಒಂದು ಫರ್ಲಾಂಗು ನಡಿ, ಆಗಲ್ಲ ಅನ್ನಿಸುವ ಮೊದಲೇ ವಾಪಸು ಬಾ. ಮೈ ಹಗುರವಾಗಿದೆ ಎಂದು ನಾನು ಒಂದು ದಿನ ಇಡೀ ಮನೆ ಸಾರಿಸಿ ಮೂರು ದಿನ ಮಲಗಿದಾಗ ಸಿಟ್ಟಿನಿಂದ ಕುದಿದುಹೋದಳು. "ಚೆನ್ನಾಗಿರೋ ದಿನ್ವೇ ಮುಂಡೇದು ಮೋಸ ಮಾಡದು ಕಣಮ್ಮ. ಅವತ್ತೇ ಅರ್ಧ ಕೆಲ್ಸ ಮಾಡಿ ಕೂತ್ಕ." ಎಲ್ಲವೂ ಫಲಿಸಿತು ಎನ್ನಲಾರೆ. ಅದೇನೋ ಸೊಪ್ಪು ಅರೆದು ಕುಡಿಸಿ ಎರಡು ದಿನ ವಾಂತಿ ಮಾಡಿಸಿದ್ದೂ ಅವಳೇ.

ಆದರೆ ಮುದ್ದೆಯ ವಿಷಯದಲ್ಲಿ ಅವಳ ಉಪಾಯವೂ ನಡೆಯಲಿಲ್ಲ. ಒಂಬತ್ತು ಜನರ ಮನೆ. ದೊಡ್ಡ ಪಾತ್ರೆಯನ್ನು ಕವೆಗೋಲಿನಲ್ಲಿ ಒತ್ತಿ ಹಿಡಿದು ಹಿಟ್ಟು ತೊಳಸುವುದೆಂದರೆ ಹೆಗಲು ಕಿತ್ತು ಕೈಗೆ ಬರುತ್ತದೆ. ಎರಡು ಸಲ ಸ್ವಲ್ಪ ಸ್ವಲ್ಪವೇ ಮಾಡು ಎಂದಳು. ಅತ್ತೆ, "ಎರಡೆರಡ್ ಸಲ ಒಲೆ ಉರ್ಸಾಕೆ ಇದೇನು ಛತ್ರವಾ?" ಎಂದರು.

ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಮುದ್ದೆಯಲ್ಲಿ ಗಂಟು ಉಳಿಯಿತು. ಗಂಡ ಒಂದು ತುತ್ತು ಮುರಿದು ನೋಡಿ ತಟ್ಟೆಯನ್ನು ನನ್ನ ಮುಖಕ್ಕೆ ಎಸೆದ. ಬಿಸಿ ಸಾರು ಕಣ್ಣಿಗೆ ಬಿತ್ತು. ಒರೆಸಿಕೊಳ್ಳುವಷ್ಟರಲ್ಲಿ ಮುದ್ದೆ ಕೋಲು ಅವನ ಕೈಲಿತ್ತು. ಹೆಗಲಿಗೆ ಒಂದು, ಬೆನ್ನಿಗೆ ಎರಡು, ತಡೆಯಲು ಎತ್ತಿದ ಮೊಣಕೈಗೆ ಒಂದು. "ಎಲ್ಲೇ ನೋವು? ಇಲ್ಯಾ? ಇಲ್ಯಾ?" ಎಂದು ಕೇಳಿ ಕೇಳಿ ಹೊಡೆದ. ಮೈದುನಂದಿರು ಊಟ ಮಾಡುತ್ತಲೇ ಇದ್ದರು. ದೊಡ್ಡ ಮಗು ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತಿತ್ತು.

ಅಜ್ಜಿ ಆವತ್ತು ಕೂಸಿಗೆ ನೀರು ಹುಯ್ಯಲು ಬಂದು ಹಿತ್ತಲಲ್ಲಿ ಹಂಡೆ ಕಾಯಿಸುತ್ತಿದ್ದಳು. ನನ್ನ ಕೂಗು ಕೇಳಿ ಸುಡುನೀರು ತುಂಬಿದ ಚೊಂಬಿನ ಸಮೇತ ಒಳಗೆ ಬಂದಳು. ಬೀಸಿ ಹೊಡೆದಳು, ಅವನ ಎರಡು ಪಾದಗಳ ಮೇಲೆ. ಅವನು ಕೋಲು ಬಿಸಾಕಿ, ನೆಲಕ್ಕೆ ಬಿದ್ದು, ಕಾಲು ಹಿಡಿದುಕೊಂಡು ಉರುಳಾಡಿದ. ಒಬ್ಬ ಮೈದುನ ಎದ್ದು ಅಜ್ಜಿಯ ಕತ್ತಿಗೆ ಕೈ ಹಾಕಲು ಹೋದರೆ ಖಾಲಿ ಚೊಂಬಿನಿಂದ ಅವನ ಮೂಗಿಗೆ ಗುದ್ದಿದಳು. ರಕ್ತ ಬಳಬಳ ಇಳಿಯಿತು.

"ಎಲ್ಲಿ ನೋವ್ಲಾ?" ಎಂದಳು ನನ್ನ ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತು. "ಬೊಬ್ಬೆ ಬಂದದೆ, ಎಲ್ರೂ ನಂಬ್ತಾರೆ ಬುಡು. ನೀನು ಪುಣ್ಯವಂತ ಕಣ್ಲಾ. ಇವಳ್ಗೆ ಬೊಬ್ಬೇನೂ ಬರಕಿಲ್ಲ, ನಂಬೋರೂ ಇಲ್ಲ. ಇನ್ನೊಂದ್ಸಲ ಕೈ ಎತ್ತು, ನೆತ್ತಿಗೇ ಉಯ್ತೀನಿ. ನೀನುಟ್ಟಿದಾಗ ನಿಮ್ಮವ್ವಂಗೆ ನೀರುಯ್ದೋಳು ನಾನು. ನಿನ್ ಹೆಣಕ್ಕೂ ಉಯ್ದು ಓಯ್ತೀನಿ."

ಆ ಮೇಲೆ ಅವನು ಕೈ ಎತ್ತಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಮ್ಮೆ ಎತ್ತಿದ. ಆಗ ಕೋಲು ನನ್ನ ಕೈಲಿತ್ತು, ಅವನ ಮಣಿಕಟ್ಟು ಊದಿ ಹದಿನೈದು ದಿನ ಎಡಗೈಯಲ್ಲಿ ಊಟ ಮಾಡಿದ. ಅಷ್ಟು ಬೀಸಿದ್ದಕ್ಕೆ ನಾನೂ ವಾರವಿಡೀ ಮಲಗಿದೆ, ಆದರೂ ಸಂತೋಷವಾಯಿತು. ಮುದ್ದೆಯನ್ನು ಅಂದಿನಿಂದ ಸಣ್ಣ ಪಾತ್ರೆಯಲ್ಲಿ ಎರಡು ಸಲ ಮಾಡುತ್ತೇನೆ. ಯಾರೂ ಕೇಳುವುದಿಲ್ಲ.

ತನ್ನ ಕಣ್ಣು ತೋರಿಸಿಕೊಳ್ಳಬೇಕು, ಜೊತೆಗೆ ಕಳಿಸಿ ಎಂದು ಸುಳ್ಳು ಹೇಳಿ ನನ್ನನ್ನು ಮಂಡ್ಯದ ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಕೂರಿಸಿದ್ದೂ ಅಜ್ಜಿಯೇ. ಆಕೆ ಅಜ್ಜಿ ಒತ್ತಿದ್ದ ಜಾಗಗಳಲ್ಲೇ ಹೆಬ್ಬೆರಳಿನಿಂದ ಒತ್ತಿ ನೋಡಿ, ಇದಕ್ಕೆ ಫೈಬ್ರೊಮಯಾಲ್ಜಿಯ ಅಂತಾರೆ, ಇದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದರೆ ನೋವು ನಿಜ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅಜ್ಜಿ ದಾರಿಯುದ್ದಕ್ಕೂ ಕಿಟಕಿಗೆ ಮುಖ ತಿರುಗಿಸಿ ಕೂತಿದ್ದಳು.

ಯಾಕೆಂದು ಗೊತ್ತಾಗಿದ್ದು ಹೋದ ವರ್ಷ, ಅವಳು ಹಾಸಿಗೆ ಹಿಡಿದ ಮೇಲೆ. ನಾನು ಕಾಲು ಒತ್ತುತ್ತಾ ಕೂತಿದ್ದೆ.

"ನನ್ ಸೊಸೇನೂ ಹಿಂಗೇ ಅಂತಿದ್ಲು ಕಣವ್ವ," ಎಂದಳು. "ಮೈಯೆಲ್ಲ ನೋವು, ಮುಟ್ಬೇಡಿ ಅತ್ತೆ ಅಂತ. ಮೈಗಳ್ಳಿ ಅಂದ್ಕಂಡೆ. ನಲವತ್ತು ದಿನ ಬಾಗ್ಲಾಕ್ಕೊಂಡು ಇದೇ ಕೈಲಿ ಬಡುದೆ. ಕಾಲಿಗ್ ಬಿದ್ಲು, ಅವಾಗ್ಲೂ ಬಡುದೆ. ನಲವತ್ತೊಂದ್ನೇ ದಿನ ನೀರು ಕಾಯ್ಸಿ ಕರುದ್ರೆ ಬರ್ನಿಲ್ಲ. ನಾಲೇಲಿ ಸಿಕ್ಕುದ್ಲು." ತನ್ನ ಅಂಗೈ ತಿರುಗಿಸಿ ನೋಡಿಕೊಂಡು, "ನಿನ್ ಮೈಯೊತ್ತಿ ನೋಡ್ದಾಗ ಗೊತ್ತಾಯ್ತು. ಅವ್ಳೂ ಅಲ್ಲಲ್ಲೇ ಚೀರೋಳು" ಎಂದಳು.

ನಾನು ಕೈ ತೆಗೆದೆ. ಎದ್ದು ಹೊರಟುಹೋಗಬೇಕೆನ್ನಿಸಿತು. ನನ್ನನ್ನು ಬದುಕಿಸಿದವಳ ಮುಖ ನೋಡಲು ಆಗಲಿಲ್ಲ. ಬಾಗಿಲವರೆಗೆ ಹೋಗಿ ನಿಂತು, ಆ ಹುಡುಗಿಯ ಹೆಸರೇನು ಎಂದು ಕೇಳಿದೆ. ಹೇಳಿದಳು. ನಾನು ವಾಪಸು ಬಂದು ಕೂತೆ, ಮತ್ತೆ ಒತ್ತಿದೆ. "ಗಟ್ಟಿಯಾಗಿ ಒತ್ತವ್ವ, ನೋವಾಗೋ ಹಂಗೆ ಒತ್ತು" ಎಂದು ಬೇಡಿಕೊಂಡಳು. ನಾನು ಒತ್ತಲಿಲ್ಲ, ಮೆಲ್ಲಗೇ ನೀವಿದೆ.

ಮೂರನೆಯ ದಿನ ಬೆಳಿಗ್ಗೆ ಅಜ್ಜಿ ತೀರಿಕೊಂಡಳು. ಊರಿನ ಹೆಂಗಸರೆಲ್ಲ ನನ್ನ ಅಳು ನೋಡಿ, ಪಾಪ, ಅಜ್ಜೀನ ಎಷ್ಟು ಹಚ್ಚಿಕೊಂಡಿದ್ದಳು ಎಂದು ಮಾತಾಡಿಕೊಂಡರು. ನಿಜವೇ, ಹಚ್ಚಿಕೊಂಡಿದ್ದೆ. ಆದರೆ ಅವತ್ತು ನಾನು ಗಟ್ಟಿಯಾಗಿ ಕೂಗಿ ಅತ್ತಿದ್ದು ಆ ಸೊಸೆಯ ಹೆಸರು ಹಿಡಿದು. ಅದು ಯಾರ ಹೆಸರೆಂದು ಯಾರಿಗೂ ಗುರುತು ಸಿಗಲಿಲ್ಲ.