ಬೀಡಿ ಮುಟ್ಟದ ಕಲ್ಲಯ್ಯನವರು

ಬಿಳಿಗೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಕಲ್ಲಯ್ಯನವರು, ಯಾರೂ ಕರೆಯದಿದ್ದರೂ ಪ್ರತಿ ಸಭೆಗೂ ಅಧ್ಯಕ್ಷರು. ಬೀಡಿ ಸೇದುವವರ, ಒಲೆಯ ಹೊಗೆ ಕುಡಿಯುವವರ ಶ್ವಾಸಕೋಶ ಪರೀಕ್ಷೆಯ ಶಿಬಿರದಲ್ಲೂ ತಂಬಾಕಿನ ಕೇಡನ್ನು ಅರ್ಧ ಗಂಟೆ ವಿವರಿಸಿ, ಜನರ ಅಂಜಿಕೆ ಕಳೆಯಲೆಂದು ತಾವೇ ಮೊದಲು ಯಂತ್ರದ ಕೊಳವೆ ಊದಿದರು. ಗೋದಾಮಿನ ಹಿಂದೆ ನಿಂತು ತಾವು ಸೇದುವುದು ಯಾರಿಗೂ ಗೊತ್ತಿಲ್ಲವೆಂಬುದು ಅವರ ನಂಬಿಕೆ.

"ಉಸಿರು ಕಮ್ಮಿ ಬರ್ತಿದೆ. ಬೀಡಿ ಸೇದ್ತೀರಾ?" ಎಂದರು ಡಾಕ್ಟರಮ್ಮ.

"ಛೆ ಛೆ! ಮುಟ್ಟಿದೋನೇ ಅಲ್ಲ."

"ಹಾಗಾದ್ರೆ ಒಲೆ ಹೊಗೆ ಇರ್ಬೇಕು. ಅಡುಗೆಮನೇಲಿ ಹೆಚ್ಚು ಹೊತ್ತು ಇರ್ತೀರಾ?"

"ಹೂಂ, ಇರ್ತೀನಿ."

ಸಾಲಿನಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹೆಂಡತಿ ಸರ್ವಮಂಗಳಾ ಮಾತ್ರ ನಗಲಿಲ್ಲ. "ಇವ್ರು ನೀರು ಕುಡಿಯಕ್ಕೂ ಒಳಿಕ್ಕೆ ಬರಾಕಿಲ್ಲ ಡಾಕ್ಟ್ರೇ. ನಿಜ ಏಳ್ಬುಡಿ ಕಣ್ರೀ, ನಿಮ್ಮ ಅಂಗಿ ಒಗೆಯೋಳು ನಾನೇ ಅಲ್ವಾ?"

"ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಬಿಟ್ಬಿಟ್ರೆ ಉಳಿದಿರೋದನ್ನ ಉಳಿಸ್ಕೋಬಹುದು" ಎಂದರು ಡಾಕ್ಟರಮ್ಮ.

ಕಲ್ಲಯ್ಯನವರು ತಲೆ ತಗ್ಗಿಸಿದರು. "ಇಪ್ಪತ್ತೈದು ವರ್ಷದಿಂದ ಸೇದ್ತಿದೀನಿ, ಮೇಡಂ" ಎಂದರು, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ.

"ಯಾರಾದ್ರೂ ಮೈಕ್ ಕೊಡ್ರಪ್ಪಾ, ಅಧ್ಯಕ್ಷರ ಮಾತು ಕೇಳುಸ್ನಿಲ್ಲ!" ಎಂದ, ಸಾಲಿನ ಕೊನೆಯಲ್ಲಿದ್ದ ಕೂಲಿಯಾಳು ಚನ್ನಯ್ಯ.

ಕಿವಿಯವರೆಗೂ ಕೆಂಪಾದ ಕಲ್ಲಯ್ಯನವರು ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದರು.