ಹಿಡಿಕೆಯಿಲ್ಲದ ಗಾಡಿ

ನಮ್ಮ ಯಜಮಾನ್ರಿಗೆ ಬೀದಿಯವರು ಇಟ್ಟ ಹೆಸರು ಚಕ್ರವರ್ತಿ. ಇಟ್ಕೊಂಡಿರೋದು ಸೈಕಲ್ ರಿಪೇರಿ ಅಂಗಡಿ, ಕೂರೋದು ಗಾಲಿಕುರ್ಚಿಯಲ್ಲಿ, ಗತ್ತು ಮಾತ್ರ ಸಿಂಹಾಸನದ ಮೇಲೆ ಕೂತವರದ್ದು. ಹೆಸರಿಟ್ಟವರು ತಮಾಷೆಗೆ ಇಟ್ರು, ಇವರು ನಿಜ ಅಂತಲೇ ತಗೊಂಡ್ರು. ಈ ಚಕ್ರವರ್ತಿ ವಿಮಾನ ಹತ್ತಿ ಪರದೇಶ ನೋಡಿ ಬಂದ ಕಥೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಆದ್ರೆ ಇವರ ಬಾಯಲ್ಲಿ ಕೇಳಿದ್ರೆ ವಿಮಾನವನ್ನೂ ಇವರೇ ಓಡಿಸಿದ್ರು ಅನ್ನಿಸುತ್ತೆ. ಅದಕ್ಕೇ ನಾನು ಹೇಳ್ತೀನಿ, ಕೇಳಿ.

ಮೊದಲು ಆ ಗಾಡಿ ವಿಷಯ. ಕುರ್ಚಿ ಅಂದ್ರೆ ಇವರಿಗೆ ಆಗಲ್ಲ, ಗಾಡಿ ಅನ್ನಬೇಕು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಸೊರಗಿದ್ವು, ಆ ಬಲವೆಲ್ಲ ತೋಳಿಗೆ ಬಂತು. ಗಾಡಿ ಇವರೇ ಕಟ್ಟಿದ್ದು. ದೊಡ್ಡ ಗಾಲಿ ಎರಡೂ ಸೈಕಲ್ಲಿನವು, ಕಡ್ಡಿ ಕಡ್ಡಿ ಇವರೇ ಕೂರಿಸಿದ್ದು. ಬಲಗೈಗೆ ಸಿಗೋ ಹಾಗೆ ಬೆಲ್ಲು. ಎಡಗಡೆ ಗಾಲಿಗೆ ಒಂದು ಬೀಗ, ಸೈಕಲ್ಲಿನ ಹಿಂದಿನ ಗಾಲಿಗೆ ಇರುತ್ತಲ್ಲ, ಕಡ್ಡಿಗಳ ನಡುವೆ ಸರಳು ತೂರಿ ಟಕ್ ಅನ್ನುತ್ತಲ್ಲ, ಅಂಥದ್ದು. ಬೀಗ ತೆಗೆದಿದ್ರೆ ಕೀಲಿ ಅದರಲ್ಲೇ ಇರುತ್ತೆ, ಹಾಕಿದ್ರೆ ಕೈಗೆ ಬರುತ್ತೆ. ಇಷ್ಟೆಲ್ಲ ಇರೋ ಗಾಡಿಗೆ ಇಲ್ಲದೇ ಇರೋದು ಒಂದೇ: ಬೆನ್ನ ಹಿಂದೆ ತಳ್ಳೋರಿಗೆ ಹಿಡಿಕೆ.

ಯಾಕೆ ಇಲ್ಲ ಅಂತ ಮದುವೆಯಾದ ಹೊಸತರಲ್ಲಿ ಒಂದ್ಸಲ ಕೇಳಿದ್ದೆ. ಹುಡುಗನಾಗಿದ್ದಾಗ ಇವರಿಗೆ ಹಿಡಿಕೆ ಇರೋ ಗಾಡಿಯೇ ಇತ್ತಂತೆ. ಕಸ ಗುಡಿಸೋರು ಇವರನ್ನ ನೆಲದ ಮೇಲೆ ಕೂರಿಸಿ, ಗಾಡಿ ಆಚೆ ತಳ್ಳಿ, ಗುಡಿಸಿ, ತಂದುಕೊಡೋದು ಮರೆತು ಹೋಗೋರು. ಒಂದಿನ ಮನೆಯವರೆಲ್ಲ ಯಾವುದೋ ಮದುವೆಗೆ ಹೊರಟಾಗ ಗಾಡಿ ಬಾಗಿಲ ಹತ್ರಾನೇ ಉಳೀತು, ಇವರು ಒಳಗಿನ ಕೋಣೇಲಿ. "ಸಂಜೆವರೆಗೂ ಅದನ್ನೇ ನೋಡ್ಕೊಂಡು ಕೂತಿದ್ದೆ. ಯಾರೂ ಕೆಟ್ಟವರಲ್ಲ ಕಣೇ, ಮರೆತ್ರು ಅಷ್ಟೆ" ಅಂದ್ರು. ಆಮೇಲೆ ಆ ಮಾತು ಎತ್ತಿಲ್ಲ.

ಗಾಡಿ ಬಾಗಿಲ ಹತ್ರ ಉಳಿದ ಆ ದಿನದಿಂದ ಇವರದು ಒಂದೇ ಹಟ. ಕೂತಾಗ ಯಾರೂ ತಳ್ಳಬಾರದು, ಇಳಿದಾಗ ಯಾರೂ ಸರಿಸಬಾರದು. ಇಳಿದ್ರೆ ಸಾಕು, ಕೈ ತಾನಾಗೇ ಗಾಲಿಗೆ ಹೋಗಿ ಟಕ್ ಅನ್ನಿಸುತ್ತೆ, ಕೀಲಿ ಅಂಗಿ ಜೇಬಿಗೆ. ನನ್ನ ಮನೇಲಿ ನಾನೇ ಗಾಡಿ ಸುತ್ತ ಬಳಸ್ಕೊಂಡು ಗುಡಿಸ್ತೀನಿ. ಹೆಂಡ್ತಿ ಅಂತ ನನಗೂ ರಿಯಾಯಿತಿ ಇಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ.

ಇನ್ನು ವಿಮಾನದ ಹುಚ್ಚು. ಟಯರ್ ಕಂಪನಿಯವರು ಯಾವುದೋ ವರ್ಷ ಒಂದು ಕ್ಯಾಲೆಂಡರ್ ಕೊಟ್ಟಿದ್ರು. ಅದರಲ್ಲಿ ಸಮುದ್ರದಾಚೆಯ ಒಂದು ಊರಿನ ಚಿತ್ರ. ಊರಿಗೆ ಊರೇ ಸೈಕಲ್ ಮೇಲೆ! ಅಜ್ಜಿಯರು, ಕೋಟು ಹಾಕಿದ ಆಫೀಸಿನವರು, ಮಗು ಕೂರಿಸ್ಕೊಂಡ ತಾಯಂದಿರು. ಸೈಕಲ್ಲಿಗೇ ಅಂತ ಬೇರೆ ದಾರಿ, ನುಣ್ಣಗೆ, ಮಟ್ಟವಾಗಿ, ಕಣ್ಣು ಹೋಗೋವರೆಗೂ. ವರ್ಷ ಮುಗಿದ್ರೂ ಕ್ಯಾಲೆಂಡರ್ ಗೋಡೆಯಿಂದ ಇಳೀಲಿಲ್ಲ. ನನ್ನ ಗಂಡ ಜೀವಮಾನವೆಲ್ಲ ಸೈಕಲ್ ರಿಪೇರಿ ಮಾಡಿದೋರು, ಒಂದಿನ ಸೈಕಲ್ ತುಳಿದೋರಲ್ಲ. "ಆ ದಾರಿ ಮೇಲೆ ನನ್ನ ಗಾಡಿ ಓಡಿಸ್ಬೇಕು ಕಣೇ. ಬೇರೆ ಯಾವ್ದೂ ಬೇಡ, ನನ್ನದೇ" ಅನ್ನೋರು.

ನನಗೂ ಆಸೆ ಇತ್ತು ಅನ್ನಿ. ನಾನು ಶಾಲೆ ಬಸ್ಸಲ್ಲಿ ಮಕ್ಕಳನ್ನ ಹತ್ತಿಸಿ ಇಳಿಸೋ ಆಯಾ. ದಿನವೂ ಹೋಗಿದ್ದೇ ದಾರಿ, ಬಂದಿದ್ದೇ ದಾರಿ, ಕೂಗಿ ಕೂಗಿ ಗಂಟಲು ತಮಟೆ ಆಗಿದೆ. ಊರು ಬಿಟ್ರೆ ಒಂದು ಮದುವೆಗೆ, ಇಲ್ಲ ಸಾವಿಗೆ. ಸುಮ್ನೆ ಹೋಗೋದು ಅಂತಲೂ ಒಂದಿರಬೇಕಲ್ವಾ? ಇಬ್ಬರೂ ವರ್ಷಗಟ್ಟಲೆ ಕೂಡಿಟ್ಟಿದ್ದನ್ನ ಒಟ್ಟು ಹಾಕಿ ಹೊರಡೋದು ಅಂತ ತೀರ್ಮಾನ ಮಾಡಿದ್ವಿ.

ನೆಂಟರು ಬಿಡ್ತಾರಾ? ಇವರ ಅತ್ತಿಗೆ ಬಂದು, "ಅಲ್ಲ ಮೈದುನ, ಆ ಗಾಡಿ ಕಟ್ಕೊಂಡು ಪರದೇಶಕ್ಕಾ? ಮನೇಲೇ ಕೂತು ಟೀವೀಲಿ ನೋಡಬಾರ್ದಾ?" ಅಂದ್ರು.

"ಅತ್ತಿಗೆ, ನಾನು ಎಲ್ಲಿ ಹೋದ್ರೂ ಕೂತೇ ನೋಡೋದು. ಅಲ್ಲೇ ಹೋಗಿ ಕೂತ್ಕೋತೀನಿ ಬಿಡಿ" ಅಂದ್ರು ಇವರು. ಅತ್ತಿಗೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ರು.

ತೊಡಕು ಬಂದಿದ್ದು ವಿಮಾನದವರ ಫೋನಲ್ಲಿ. ಇಲ್ಲಿ ವಿಮಾನದ ಬಾಗಿಲವರೆಗೂ ನಿಮ್ಮ ಗಾಡೀಲೇ ಬನ್ನಿ, ಅಲ್ಲಿ ಇಳಿದಾಗ ಮಾತ್ರ ಅದು ಸೂಟ್‌ಕೇಸುಗಳ ಜೊತೆ ಸಾಮಾನು ತರೋ ಓಡುವ ಪಟ್ಟಿ ಮೇಲೆ ಬರುತ್ತೆ, ಅಲ್ಲೀತನಕ ನಿಲ್ದಾಣದ ಕುರ್ಚಿ ಇರುತ್ತೆ, ತಳ್ಳೋಕೆ ಜನ ಇರ್ತಾರೆ ಅಂದ್ರು. ಪಾಪ, ಮರ್ಯಾದೆಯಾಗೇ ಹೇಳಿದ್ರು. ಇವರಿಗೆ ಕೋಪ ನೆತ್ತಿಗೇರಿತು. "ತಳ್ಳೋಕೆ ನಾನೇನು ಕೆಟ್ಟು ನಿಂತ ಲಾರೀನಾ?" ಅಂದ್ರು. ಎಷ್ಟು ವಾದ ಮಾಡಿದ್ರೂ ಅವರು ಅದನ್ನೇ ಹೇಳಿದ್ರು. ಕೊನೆಗೆ ಇವರು, "ಆಯ್ತು, ಅಲ್ಲಿ ಹೋದ್ಮೇಲೆ ನೋಡ್ಕೋತೀನಿ" ಅಂತ ಫೋನಿಟ್ರು. ನೋಡ್ಕೋತೀನಿ ಅಂದ್ರೆ ಏನು ಮಾಡ್ತೀರಿ ಅಂತ ನಾನು ಕೇಳೋದ್ರೊಳಗೆ ಪಂಪು ತಗೊಂಡು ಗಾಲಿಗೆ ಗಾಳಿ ಹೊಡೆಯೋಕೆ ಶುರು ಮಾಡಿದ್ರು.

ಹೊರಡೋ ದಿನ ತಪಾಸಣೆ ಮಾಡೋರು ಗಾಡಿ ಕೆಳಗಿನ ಚೀಲ ಬಿಚ್ಚಿದ್ರೆ ಸ್ಪ್ಯಾನರು, ಪಂಪು, ಪಂಕ್ಚರ್ ಅಂಟು, ಟ್ಯೂಬಿನ ತುಂಡು. "ಇದೇನು ಸರ್, ಅಂಗಡೀನೇ ತಂದಿದೀರಾ?" ಅಂತ ನಕ್ಕು, ಪಂಪು ಬಿಟ್ಟು ಮಿಕ್ಕಿದ್ದೆಲ್ಲ ತೆಗೆದಿಟ್ಕೊಂಡ್ರು. ಇವರು ಮುಖ ಊದಿಸ್ಕೊಂಡೇ ವಿಮಾನದ ಬಾಗಿಲವರೆಗೂ ಬಂದ್ರು. ಒಳಗೆ ಹೋಗೋಕೆ ಪಟ್ಟಿ ಬಿಗಿಯೋ ಒಂದು ಸಣ್ಣ ಕುರ್ಚಿ ತಂದಿದ್ರು, ಇವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಗಾಡಿಯಿಂದ ಇಳಿದು, ಎರಡೂ ಬದಿ ಸೀಟಿನ ಬೆನ್ನು ಹಿಡಿದು, ತೋಳಿನ ಮೇಲೇ ಮೈ ತೂಗಿಸ್ಕೊಂಡು ಮುಂದಿನ ಸಾಲಿಗೆ ಹೋಗಿ ಕೂತ್ರು. ಜನ ಬೆರಗಾಗಿ ನೋಡಿದ್ರು, ನಾನು ಬೀಗ್ತಾ ಹಿಂದೆ ಹೋದೆ.

ಕಿಟಕಿಯಿಂದ ಕೆಳಗೆ ನೋಡಿದ್ರೆ ಇಬ್ಬರು ಹಮಾಲರು ಗಾಡಿಯನ್ನ ನೆಲ ಮುಟ್ಟಿಸದೆ ಎತ್ಕೊಂಡೇ ಹೋಗ್ತಿದಾರೆ. "ನೋಡಿದ್ಯಾ? ಇದು ಮರ್ಯಾದೆ ಅಂದ್ರೆ!" ಅಂದ್ರು ಇವರು. ನಾನೂ ಹೌದು ಅಂತ ನಂಬಿದೆ.

ವಿಮಾನ ಮೇಲೇರಿ ಊಟ ಬಂತು. ಕೈ ಒರೆಸೋಕೆ ಕರ್ಚೀಫು ಬೇಕು ಅಂತ ಇವರು ಜೇಬಿಗೆ ಕೈ ಹಾಕಿದೋರು ಹಾಗೇ ಕೂತುಬಿಟ್ರು. ಮುಖದಲ್ಲಿ ರಕ್ತವೇ ಇಲ್ಲ. ಮೆಲ್ಲಗೆ ಕೈ ಹೊರಗೆ ತೆಗೆದು ಬಿಚ್ಚಿ ತೋರಿಸಿದ್ರು. ಅಂಗೈ ಮೇಲೆ ಗಾಡಿ ಕೀಲಿ.

ಬಾಗಿಲಲ್ಲಿ ಇಳೀವಾಗ ಕೈ ತಾನಾಗೇ ಟಕ್ ಅನ್ನಿಸಿದೆ! ಆ ಸದ್ದು ಮನೇಲಿ ಕೇಳಿ ಕೇಳಿ ನನ್ನ ಕಿವಿಗೂ ಬೀಳಲಿಲ್ಲ. ಹಮಾಲರು ಎತ್ಕೊಂಡು ಹೋಗಿದ್ದು ಮರ್ಯಾದೆಗಲ್ಲ, ಗಾಲಿ ತಿರುಗದೇ ಇದ್ದಿದ್ದಕ್ಕೆ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಸುಮ್ನೆ ಹೇಳ್ತಾರಾ?

"ಅಲ್ರೀ, ಆಕಾಶದಲ್ಲಿ ಯಾರು ಕದೀತಾರೆ ಅಂತ ಬೀಗ ಹಾಕಿದ್ರಿ? ಮೋಡ ಬರುತ್ತಾ, ಗಿಡುಗ ಬರುತ್ತಾ? ಇಷ್ಟು ವರ್ಷ ನಿಮ್ಮ ಬೀಗದ ಸುತ್ತ ಕಸ ಗುಡಿಸಿದ್ದು ಸಾಲದು ಅಂತ ಇದೊಂದು ಬಾಕಿ ಇತ್ತಾ ನನಗೆ?" ಬಸ್ಸಿನ ಗಂಟಲು ನಂದು, ನಾಲ್ಕು ಸಾಲು ತಿರುಗಿ ನೋಡಿತು.

ಇವರು ಜಗಳಕ್ಕೆ ಬರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. "ಇಲ್ಲೇನೋ ಎತ್ಕೊಂಡು ಹೋದ್ರು. ಅಲ್ಲಿ ಪಟ್ಟಿ ಮೇಲೆ ಹಾಕೋ ಆತುರದಲ್ಲಿ ಎಳೀತಾರೆ. ಸರಳು ಕಡ್ಡಿಗಳ ನಡುವೆ ಇದೆ. ಜೋರಾಗಿ ಎಳೆದ್ರೆ ಕಡ್ಡಿ ಕಿತ್ತು, ಗಾಲಿ ಸೊಟ್ಟಗಾಗುತ್ತೆ. ಸ್ಪ್ಯಾನರೂ ಇಲ್ಲ ನನ್ನ ಹತ್ರ. ಆಮೇಲೆ ಹೋಟೆಲ್ ರೂಮಲ್ಲಿ ಕೂತು ಕಿಟಕಿಯಿಂದ ಸೈಕಲ್ ನೋಡೋದೇ" ಅಂದ್ರು. ಗಾಡಿ ಬಾಗಿಲಲ್ಲಿ, ಹುಡುಗ ಒಳಗಿನ ಕೋಣೇಲಿ. ನನಗೆ ಅದೇ ನೆನಪಾಯ್ತು.

ಗಗನಸಖೀನ ಕರೆಯೋ ಗುಂಡಿ ಒತ್ತೋಕೆ ನಾನು ಕೈ ಎತ್ತಿದೆ. ಇವರು ನನ್ನ ಕೈ ಹಿಡಿದ್ರು. "ಬೇಡ. ನಾನೇ ಕೇಳ್ತೀನಿ."

ಕೇಳಿದ್ರು! ಕುಡಿಯೋ ನೀರನ್ನೂ ಇನ್ನೊಬ್ಬರ ಹತ್ರ ಕೇಳದ ಆಸಾಮಿ. ಆ ಹುಡುಗಿಗೆ ನಮ್ಮ ಮಾತು ಬರ್ತಿತ್ತು, ಪುಣ್ಯ. "ತಪ್ಪು ನಂದೇ ಕಣಮ್ಮ. ಅಭ್ಯಾಸಬಲ, ಗಾಡಿಗೆ ಬೀಗ ಹಾಕ್ಬಿಟ್ಟಿದೀನಿ. ಎಳೀಬೇಡಿ, ಎತ್ತಿ ಇಳಿಸಿ ಅಂತ ಅಲ್ಲಿನವರಿಗೆ ಹೇಳಿಸೋಕಾಗುತ್ತಾ? ಅದಿಲ್ಲದೆ ನಾನು ಎಲ್ಲೂ ಹೋಗೋಕಾಗಲ್ಲ." ಕೊನೇ ಮಾತು ಹೇಳುವಾಗ ಇವರ ಧ್ವನಿ ಸಣ್ಣಗಾಯ್ತು. ಆ ಹುಡುಗಿ ನಗಲಿಲ್ಲ, ದೇವರು ಅವಳನ್ನ ಚೆನ್ನಾಗಿಟ್ಟಿರಲಿ. ನೇರ ಪೈಲಟ್ ಹತ್ರ ಹೋಗಿ ಬಂದು, "ಕೆಳಗಿನವರಿಗೆ ಹೇಳಿದಾರೆ ಅಂಕಲ್. ಹಮಾಲರಿಗೆ ಸುದ್ದಿ ತಲುಪಬೇಕು ಅಷ್ಟೆ" ಅಂದ್ಲು. ಇವರು ಊಟ ಮುಟ್ಟಲಿಲ್ಲ. ಕೀಲಿ ಮುಷ್ಟಿಯಲ್ಲೇ ಇಟ್ಕೊಂಡು ಕೂತ್ರು.

ವಿಮಾನ ಇಳೀತು. ಜನ ಎಲ್ಲ ಹೊರಗೆ ಹೋದ್ರು, ನಾವಿಬ್ಬರೇ ಉಳಿದ್ವಿ. ಬಾಗಿಲಲ್ಲಿ ನಿಲ್ದಾಣದ ಕುರ್ಚಿ ಬಂದು ನಿಂತಿತ್ತು, ಎರಡು ದೊಡ್ಡ ಹಿಡಿಕೆ, ಹಿಂದೆ ಒಬ್ಬ ತಳ್ಳೋ ಮನುಷ್ಯ. ಅವನು ನಕ್ಕು ಬನ್ನಿ ಅಂತ ಸನ್ನೆ ಮಾಡಿದ. ಇವರು ಏಳಲಿಲ್ಲ. ನಾನೂ ಏಳಿ ಅನ್ನಲಿಲ್ಲ. ವಿಮಾನ ವಾಪಸ್ ಹೊರಟ್ರೂ ಸರಿ, ನನ್ನ ಗಂಡ ಏಳೋವರೆಗೂ ಯಾರೂ ಮುಟ್ಟಬಾರದು ಅಂತ ಸೊಂಟಕ್ಕೆ ಕೈ ಕೊಟ್ಟು ನಿಂತೆ.

ಆಗ ವಿಮಾನದಿಂದ ನಿಲ್ದಾಣಕ್ಕೆ ಹೋಗೋ ಓಣಿಗೆ ಕೆಳಗಿಂದ ಹತ್ತೋ ಮೆಟ್ಟಿಲ ಮೇಲೆ ಧಡಧಡ ಸದ್ದು. ಇಬ್ಬರು ಹಮಾಲರು ಏದುಸಿರು ಬಿಡ್ತಾ ಮೇಲೆ ಬಂದ್ರು, ಮಧ್ಯೆ ನಮ್ಮ ಗಾಡಿ! ಬಾಗಿಲಲ್ಲಿ ಇಳಿಸಿದ್ರು. ಅದರಲ್ಲಿ ದಪ್ಪಗಿದ್ದವನು ಬೆವರು ಒರೆಸ್ಕೊಂಡು, ಗಾಳೀಲಿ ಕೀಲಿ ತಿರುಗಿಸೋ ಹಾಗೆ ಕೈ ಮಾಡಿ ಹೊಟ್ಟೆ ಕುಣಿಸಿ ನಕ್ಕ. ಕೀಲಿ ವಿಮಾನದೊಳಗಿದೆ ಅಂತ ಗೊತ್ತಾದ ಮೇಲೆ, ತಿರುಗದ ಗಾಡೀನ ಅವರೆಲ್ಲಿಗೆ ಅಂತ ಹೊತ್ಕೊಂಡು ಹೋಗ್ತಾರೆ? ಕೀಲಿ ಇರೋ ಕಡೆಗೇ ತಂದ್ರು. ಫೋನಲ್ಲಿ ಅಷ್ಟು ವಾದ ಮಾಡಿ ಸಿಗದಿದ್ದು, ಬಾಯಿಬಿಟ್ಟು ಒಂದು ಮಾತು ಕೇಳಿದ್ದಕ್ಕೆ ಸಿಕ್ತು.

ಇವರು ಮತ್ತೆ ತೋಳಿನ ಮೇಲೆ ಬಾಗಿಲವರೆಗೂ ಬಂದ್ರು. ಹತ್ತೋ ಮೊದಲು ಒಂದೊಂದು ಕಡ್ಡಿಯನ್ನೂ ಬೆರಳಲ್ಲಿ ಮೀಟಿ ನೋಡಿದ್ರು, ಎಲ್ಲ ಗಟ್ಟಿ. ಕೂತು, ಕೀಲಿ ತಿರುಗಿಸಿ, ಇಬ್ಬರು ಹಮಾಲರಿಗೂ ಕೈ ಮುಗಿದು, ಟ್ರಿಣ್ ಅಂತ ಬೆಲ್ಲು ಹೊಡೆದು ಹೊರಟೇಬಿಟ್ರು. ತಳ್ಳೋಕೆ ಬಂದಿದ್ದವನು ಸುಮ್ನೆ ಯಾಕೆ ಬರಲಿ ಅಂತ ನಮ್ಮ ಬ್ಯಾಗನ್ನ ಆ ಹಿಡಿಕೆಯ ಕುರ್ಚಿ ಮೇಲೆ ಕೂರಿಸಿ ತಳ್ಕೊಂಡು ಬಂದ. ಹೊಳೆಯೋ ಆ ಉದ್ದ ಹಾದೀಲಿ ಮುಂದೆ ನನ್ನ ಗಂಡ, ಸ್ವಂತ ಗಾಡಿ, ಸ್ವಂತ ತೋಳು. ಹಿಂದೆ ಮಹಾರಾಣಿ ಹಾಗೆ ಕೂತ ಬ್ಯಾಗು. ಅದರ ಹಿಂದೆ ನಾನು. ಹೆಮ್ಮೆ ಅಂದ್ರೆ ಏನು ಅಂತ ಅವತ್ತು ಗೊತ್ತಾಯ್ತು ನನಗೆ. ಬೈಯೋದೂ ಮರೆತೇಹೋಯ್ತು.

ಸೈಕಲ್ ದಾರಿ ಕ್ಯಾಲೆಂಡರಿನಲ್ಲಿ ಇದ್ದ ಹಾಗೇ ಇತ್ತು. ಮೊದಲ ದಿನ ಒಬ್ಬ ಅಜ್ಜಿ ಸೈಕಲ್ ಮೇಲೆ ಬೆಲ್ಲು ಹೊಡೆದು ಇವರನ್ನ ದಾಟಿ ಹೋದ್ಲು. ಚಕ್ರವರ್ತಿ ಸುಮ್ನಿರ್ತಾರಾ? ಎರಡೂ ಕೈಯಲ್ಲಿ ಗಾಲಿ ಬೀಸಿ ಬೀಸಿ ಅಟ್ಟಿಸ್ಕೊಂಡು ಹೋದ್ರು. ಅಜ್ಜಿ ತಿರುಗಿ ನೋಡಿ ಇನ್ನೂ ಜೋರಾಗಿ ತುಳಿದ್ಲು, ಅವಳೂ ಕಡಿಮೆ ಇಲ್ಲ. ಸೇತುವೆ ಹತ್ರ ಅವಳು ನಿಂತಳೋ ಇವರು ದಾಟಿದ್ರೋ ದೇವರಿಗೇ ಗೊತ್ತು. ದಾಟಿದೆ ಅಂತ ಇವತ್ತಿಗೂ ಹೇಳ್ತಾರೆ. ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ! ನಾನು ಇವರ ಕೋಟು ಕೈಯಲ್ಲಿ ಹಿಡ್ಕೊಂಡು ಹಿಂದೆ ಓಡಿದೆ, ಏದುಸಿರು ಬಿಟ್ಕೊಂಡು, ನಗ್ತಾ. ಇದ್ದಷ್ಟು ದಿನವೂ ಹಾಗೇ ಓಡಿದೆ.

ವಾಪಸ್ ಬರೋ ದಿನ ಮತ್ತೆ ವಿಮಾನದ ಬಾಗಿಲು. ಇವರು ಇಳಿದ್ರು, ಕೈ ಗಾಲಿ ಕಡೆ ಹೋಯ್ತು. "ರೀ, ಬೀಗ!" ಅಂತ ನಾನು ಕಿರುಚಿದ್ದಕ್ಕೆ ಗಗನಸಖಿಯರೆಲ್ಲ ಬೆಚ್ಚಿಬಿದ್ರು.

"ಹಾಕಿಲ್ಲ ಕಣೇ, ಸುಮ್ನಿರು" ಅಂದ್ರು. ಕೀಲಿ ಬೀಗದಲ್ಲೇ ಇತ್ತು. ಗಾಡಿ ತಗೊಂಡು ಹೋಗೋಕೆ ಬಂದ ಹುಡುಗನ ಕೈಗೆ ಕೊಟ್ಟು, ಅವನಿಗೆ ತಿಳಿಯದ ನಮ್ಮ ಮಾತಲ್ಲೇ, "ತಳ್ಕೊಂಡೇ ಹೋಗಪ್ಪ, ಹುಷಾರು" ಅಂದ್ರು. ನನಗೆ ಕೇಳಿದ್ದು ನಿಜವೋ ಸುಳ್ಳೋ ಅನ್ನಿಸಿತು.

ಇವರು ಕಿಟಕಿ ಹತ್ರ ಕೂತು ಹಣೆ ಗಾಜಿಗೆ ಒತ್ತಿದ್ರು. ಕೆಳಗೆ ಆ ಹುಡುಗ ಹಿಡಿಕೆ ಸಿಗದೆ, ಬಗ್ಗಿ ಬೆನ್ನಿನ ಪಟ್ಟಿ ಹಿಡಿದು, ಬಿಸಿಲಲ್ಲಿ ಗಾಡಿ ತಳ್ಕೊಂಡು ಹೋಗ್ತಿದ್ದ. ಗಾಲಿಗಳು ತಿರುಗ್ತಿದ್ವು. ಗಾಡಿ ಕಣ್ಣಿಗೆ ಮರೆಯಾಗೋವರೆಗೂ ಇವರು ಅಲ್ಲಾಡಲಿಲ್ಲ.

"ಅದು ಓಡೋದನ್ನ ನಾನು ಯಾವತ್ತೂ ನೋಡೇ ಇರ್ಲಿಲ್ಲ ಕಣೇ" ಅಂದ್ರು. "ಯಾವಾಗ್ಲೂ ಮೇಲೆ ನಾನೇ ಕೂತಿರ್ತೀನಲ್ಲ. ಎಷ್ಟು ನೆಟ್ಟಗೆ ಹೋಗುತ್ತೆ ನೋಡಿದ್ಯಾ? ಒಂದು ಚೂರೂ ವಾಲಲ್ಲ."

"ಗೊತ್ತು" ಅಂದೆ. "ಮದುವೆಯಾದಾಗಿಂದ ಹಿಂದೆ ನಿಂತು ಅದನ್ನೇ ನೋಡ್ತಾ ಬಂದಿದೀನಿ."